ಎಂಬಿಪಿಎಸ್ ಬೊಗಳೆಗೆ ಮರುಳಾಗಬೇಡಿ, ಹುಡುಗರೇ!

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ರೂಮು ಮಾಡಿಕೊಂಡಿರುವ, ಊರಲ್ಲಿರುವ ತಮ್ಮನಿಗೂ ಇಂಟರ್‌ನೆಟ್ ಹಾಕಿಸಿಕೊಡುವ ನಮ್ಮ ಹುಡುಗರೇ, ಸ್ವಲ್ಪ ಇತ್ತ ಕಿವಿಗೊಡಿ. ಏಜೆಂಟನಿಗೆ ನೀವು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಂಬಿಪಿಎಸ್? ಅವನಿಗೆ ಬೇಕಾದದ್ದೂ ಅದೇ! ನೂರು ಅಂದರೆ ಮುನ್ನೂರು ತೋರಿಸುತ್ತಾನೆ, ಬಿಲ್ಲು ಏರಿಸುತ್ತಾನೆ. ಬಿಜಿಎಂಐ ಆಟದ ನಡುವೆ ಪರದೆ ಗಕ್ಕನೆ ನಿಂತು, ಗುಂಡು ತಿಂದು ಬಿದ್ದ ಮೇಲೆ ಬೈಯುವುದು ಯಾರನ್ನು?

(ದುಡ್ಡು ಕಟ್ಟಿ ಆಡುವ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಅವುಗಳ ಮಾತು ಇಲ್ಲಿ ಬೇಡ.)

ನಾನು ಪ್ರೆಸ್ಸಿನವನು, ಪಿಯುಸಿ ಓದಿದವನು. ಮಷಿನ್ ಗಂಟೆಗೆ ಎಷ್ಟು ಸಾವಿರ ಶೀಟು ಹೊಡೆಯುತ್ತದೆ ಅನ್ನುವುದು ಬೇರೆ, ಗುಂಡಿ ಒತ್ತಿದ ಮೇಲೆ ಮೊದಲ ಶೀಟು ಕೈಗೆ ಬರಲು ಎಷ್ಟು ಹೊತ್ತು ಅನ್ನುವುದು ಬೇರೆ. ಎಂಬಿಪಿಎಸ್ ಮೊದಲನೆಯದು. ಆಟಕ್ಕೆ ಬೇಕಾದದ್ದು ಎರಡನೆಯದು, ಅದಕ್ಕೆ ಪಿಂಗ್ ಎನ್ನುತ್ತಾರೆ. ಆಟ ತಿನ್ನುವ ಡೇಟಾ ಅತ್ಯಲ್ಪ. ಜಿಬಿಗಟ್ಟಲೆ ಬೇಕಾಗುವುದು ಅಪ್‌ಡೇಟ್ ಇಳಿಸುವಾಗ. ಅದನ್ನು ಮಲಗುವಾಗ ಹಚ್ಚಿ ಬಿಡಿ.

ಮರೋಳದಿಂದ ಮುಂಬೈ ನೇರ ಗೆರೆ ಎಳೆದರೆ ಸುಮಾರು 500 ಕಿ.ಮೀ. ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರು ಸುತ್ತಿ ಮುಂಬೈ ಸರ್ವರಿಗೆ ಹೋಗಿ ಬಂದರೂ ಬರೀ ಹಾದಿಯ ಲೆಕ್ಕ 20 ಮಿಲಿಸೆಕೆಂಡಿನ ಒಳಗಿನ ಮಾತು. ಹಾಗಾದರೆ ನಿಮ್ಮ ಪರದೆಯಲ್ಲಿ 120 ಯಾಕೆ? ಮೊಬೈಲ್ ಟವರಿನ ಮೇಲೆ ಊರೆಲ್ಲ ಒಮ್ಮೆಗೇ ಮುಗಿಬಿದ್ದಿರುತ್ತದೆ. ಇಲ್ಲವೇ ಮನೆಯಲ್ಲಿ ಯಾರೋ ಸಿನಿಮಾ ಹಚ್ಚಿರುತ್ತಾರೆ. ಇಲ್ಲವೇ ವೈಫೈ ರೂಟರು ಎರಡು ಗೋಡೆಯಾಚೆ ಇರುತ್ತದೆ. ನಮ್ಮ ಕಡೆಯ ಕಲ್ಲಿನ ಗೋಡೆ ಬಲ್ಲಿರಲ್ಲ!

ಫೈಬರ್ ಬರುವ ಕಡೆ ಫೈಬರನ್ನೇ ಹಾಕಿಸಿ, 40-50 ಎಂಬಿಪಿಎಸ್ ಸಾಕು. ಉಳಿದ ರೊಕ್ಕದಲ್ಲಿ ಒಂದು ಲ್ಯಾನ್ ಕೇಬಲ್, ರೂಟರಿಗೊಂದು ಸಣ್ಣ ಯುಪಿಎಸ್ ತನ್ನಿ. ಮೊಬೈಲಿನಲ್ಲೇ ಆಡುವವರು 5 ಗಿಗಾಹರ್ಟ್ಸ್ ವೈಫೈ ಹಿಡಿದು ರೂಟರಿರುವ ಕೋಣೆಯಲ್ಲೇ ಕೂಡ್ರಿ. ವರ್ಷದ ಹಣ ಮುಂಗಡ ಕೊಡಬೇಡಿ. ಒಂದು ತಿಂಗಳು ಕಟ್ಟಿ, ರಾತ್ರಿ 8ರಿಂದ 10ರೊಳಗೆ ಮನೆಯವರೆಲ್ಲ ಬಳಸುವಾಗ ಪಿಂಗ್ ನೋಡಿ. 40ರ ಒಳಗೆ ಏರಿಳಿತವಿಲ್ಲದೆ ನಿಂತರೆ ಗಟ್ಟಿ ಲೈನು. ಏಜೆಂಟ್ ಬೆಳಿಗ್ಗೆ 11ಕ್ಕೆ ತೋರಿಸುವ ಪರೀಕ್ಷೆ ಮೂರು ಕಾಸಿಗೂ ಬೇಡ!

ಹಳ್ಳಿಯಲ್ಲಿ ಫೈಬರೆಲ್ಲಿ ಎನ್ನುವಿರಾ? ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿದೆ, ಈಗ ಅದರ ಹೆಸರು ಭಾರತ್‌ನೆಟ್. ಪಂಚಾಯಿತಿ ಬಾಗಿಲಿಂದ ನಮ್ಮ ಹೊಸ್ತಿಲಿಗೆ ಯಾವಾಗ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಕಳೆದ ಮಳೆಗಾಲದಲ್ಲಿ ನಮ್ಮ ಪ್ರೆಸ್ಸಿನ ಲೈನು ಮೂರು ದಿನ ಸತ್ತಿತ್ತು. ಕಂಪನಿಗೆ ಫೋನ್ ಹಚ್ಚಿದರೆ ಆ ಕಡೆಯಿಂದ ಬರೀ ಹಿಂದಿ! ರೊಕ್ಕ ನಮ್ಮದು, ದೂರು ಹೇಳುವ ಭಾಷೆ ಮಾತ್ರ ಅವರದೇ? ನಾನು ಕನ್ನಡ ಬಿಡಲಿಲ್ಲ. ಮೂರನೇ ಸಲ ಕನ್ನಡದವರು ಸಿಕ್ಕರು, ಅಂದೇ ಸಂಜೆ ಲೈನು ಬಂತು. ನೀವು ಅರ್ಜಿಗೆ ಸಹಿ ಹಾಕುವ ಮೊದಲೇ ಅವರ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲಿ ಪಿಂಗ್ ಬಗ್ಗೆ ಕೇಳಿ ನೋಡಿ. ದೂರು ಕೊಟ್ಟಾಗ ಡಾಕೆಟ್ ನಂಬರನ್ನು ಬರೆದಿಟ್ಟುಕೊಳ್ಳಿ, ಮೇಲ್ಮನವಿಗೆ ಅದು ಬೇಕಾಗುತ್ತದೆ.