ಎಂಟರಿಂದ ಭಾಗಿಸಿ, ಆಮೇಲೆ ಅಪ್‌ಲೋಡ್ ನೋಡಿ

ನಮ್ಮ ಕೊಥ್ರೂಡಿನ ಸೊಸೈಟಿಯ ಲಿಫ್ಟಿನಲ್ಲಿ ಹೊಸ ಚೀಟಿ ಅಂಟಿಸಿದ್ದಾರೆ - "300 ಎಂಬಿಪಿಎಸ್ ಫೈಬರ್". ಓದಿದವರೆಲ್ಲ ಸೆಕೆಂಡಿಗೆ 300 ಎಂಬಿ ಇಳಿಯುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ ಸ್ವಾಮಿ, ಇಳಿಯೋದು ಹೆಚ್ಚೆಂದರೆ ಮೂವತ್ತೇಳೂವರೆ. ವೇಗದ ಲೆಕ್ಕದಲ್ಲಿ ಬರುವ 'ಬಿ' ಅಂದರೆ ಬಿಟ್, ಫೈಲಿನ ಲೆಕ್ಕದ 'ಬಿ' ಅಂದರೆ ಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಜೋಳವನ್ನು ಸೇರಿನಲ್ಲಿ ಹೇಳದೆ ಪಾವಿನಲ್ಲಿ ಹೇಳಿದರೆ ಸಂಖ್ಯೆ ದೊಡ್ಡದಾಗಿ ಕಾಣುತ್ತದಲ್ಲ, ಹಾಗೆ. ಇದು ಮೋಸವೇನಲ್ಲ, ಡಯಲ್-ಅಪ್ ಕಾಲದಿಂದಲೂ ನಡೆದುಬಂದ ರೂಢಿ. ಆದರೆ ಎಂಟರಿಂದ ಭಾಗಿಸುವುದನ್ನು ನಾವು ಕಲಿಯಬೇಕು.

ನಾನು ಪುಣೆಗೆ ಬಂದದ್ದು 1998ರಲ್ಲಿ. ವಿಎಸ್‌ಎನ್‌ಎಲ್ ದೇಶದ ಜನರಿಗೆ ಇಂಟರ್ನೆಟ್ ಕೊಟ್ಟು (15 ಆಗಸ್ಟ್ 1995) ಮೂರು ವರ್ಷ ಆಗಿತ್ತಷ್ಟೆ. ಆ ಕಿರ್ರ್... ಕೊಂಯ್ಯ್... ಶಬ್ದ ನೆನಪಿದೆಯೇ? ಆಗಿನ ಅತಿ ವೇಗದ ಮೋಡೆಮ್ 56 ಕೆಬಿಪಿಎಸ್‌ನದು. ಯಾಕೆ 56? ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆಯುತ್ತಿತ್ತು. ಗುಣಿಸಿದರೆ 64 ಸಾವಿರ. ಅದರಲ್ಲಿ ನಮ್ಮ ಕೈಗೆ ಸಿಗಬಹುದಾಗಿದ್ದದ್ದು 56. ಅದೂ ಕಾಗದದ ಮೇಲೆ, ಮಳೆ ಬಂದು ಲೈನು ಕೊರಗುಟ್ಟಿದರೆ ಅದೂ ಇಲ್ಲ.

ಎಂಟರಿಂದ ಭಾಗಿಸಿ: ಸೆಕೆಂಡಿಗೆ 7 ಕೆಬಿ. 700 ಎಂಬಿಯ ಒಂದು ಸಿಡಿ ಇಳಿಸಲು ಸರಿಯಾಗಿ ಒಂದು ಲಕ್ಷ ಸೆಕೆಂಡು, ಅಂದರೆ ಸುಮಾರು 28 ತಾಸು. ಅಷ್ಟು ಹೊತ್ತೂ ಫೋನಿನ ಮೀಟರು ಓಡುತ್ತಿರಬೇಕು, ಮನೆಯಲ್ಲಿ ಯಾರೂ ರಿಸೀವರ್ ಎತ್ತಬಾರದು! ಅದೇ ಸಿಡಿಗೆ 100 ಎಂಬಿಪಿಎಸ್ ಫೈಬರಿನಲ್ಲಿ 56 ಸೆಕೆಂಡು. ಸುಮಾರು 1800 ಪಟ್ಟು ವೇಗ.

ಒಂದು ಮಾತು ಮಾತ್ರ ಹೇಳಲೇಬೇಕು. ಕನ್ನಡ ಓದುವುದಕ್ಕೆ ಈ ವೇಗ ಬೇಕಿಲ್ಲ. ಯೂನಿಕೋಡ್ ಪುಟಗಳಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, 'ಕ್ಷ' ಬರೆದರೆ ಒಂಬತ್ತು. ಆದರೂ ಈ ಬರಹದ ಅಕ್ಷರಗಳೆಲ್ಲ ಸೇರಿ ಹದಿಮೂರು-ಹದಿನಾಲ್ಕು ಕೆಬಿ ಆದಾವು. ಹಳೆಯ ಮೋಡೆಮ್‌ನಲ್ಲೂ ಎರಡು ಸೆಕೆಂಡಿನ ಕೆಲಸ. ಓದೋದಕ್ಕಲ್ಲ, ಮಾರಿ ನೋಡೋದಕ್ಕೆ ಬೇಕು ಫೈಬರ್.

ನನ್ನ ತಕರಾರು ಇರೋದೇ ಇಲ್ಲಿ. ನವಲಗುಂದ ತಾಲೂಕಿನ ನಮ್ಮೂರಿಂದ ಅವ್ವ ವಿಡಿಯೊ ಕಾಲ್ ಮಾಡಿದರೆ ಪ್ರತಿಸಲ ಒಂದೇ ಮಾತು: "ನೀ ಚೊಲೊ ಕಾಣಸ್ತಿ ನೋಡಪಾ, ನಾ ಕಾಣಸ್ತೀನೇನು?" ಕಾಣಿಸುವುದಿಲ್ಲ! ಆಕೆಗೆ ಸಕ್ಕರೆ ಕಾಯಿಲೆ. ಹೋದ ಮಳೆಗಾಲದಲ್ಲಿ ಕಾಲಿನ ಗಾಯ ತೋರಿಸಲು ಫೋನನ್ನು ಕೆಳಗೆ ಹಿಡಿದಳು. ನನಗೆ ಕಂಡದ್ದು ಬಣ್ಣಬಣ್ಣದ ಚೌಕಗಳು. ಕೆಂಪಗಿದೆಯೋ ಕಪ್ಪಾಗಿದೆಯೋ ತಿಳಿಯಲಿಲ್ಲ, ಆ ರಾತ್ರಿಯೇ ಸ್ವಾರಗೇಟ್‌ನಲ್ಲಿ ಬಸ್ಸು ಹತ್ತಿದೆ. (ಗಾಯ ಮಾಯುತ್ತಿತ್ತು, ದೇವರು ದೊಡ್ಡವನು.)

ತಂಗಿಯ ಮಗನಿಂದ ಅಲ್ಲಿಯ ವೇಗ ಅಳತೆ ಮಾಡಿಸಿದೆ. ಇಳಿಯೋದು 8 ಎಂಬಿಪಿಎಸ್, ಏರೋದು ಬರೀ 0.3. ನನ್ನ ಮುಖ ಅವ್ವನಿಗೆ ಇಳಿದು ಬರುತ್ತದೆ, ಅದಕ್ಕೇ ಚೊಲೊ ಕಾಣುತ್ತೇನೆ. ಆಕೆಯ ಮುಖ ಅಲ್ಲಿಂದ ಏರಬೇಕು. ಡಯಲ್-ಅಪ್‌ನಲ್ಲೂ ಏರುವ ವೇಗ 56 ಅಲ್ಲ, 33.6 ಇತ್ತು. ನನ್ನ ಮನೆಯ ವೇಗ ಸಾವಿರಾರು ಪಟ್ಟು ಬೆಳೆದ ಈ ಕಾಲದಲ್ಲಿ ಅವ್ವನ ಕಡೆಯಿಂದ ಏರುವ ವೇಗ ಬೆಳೆದದ್ದು ಒಂಬತ್ತೇ ಪಟ್ಟು.

ತಮಾಷೆ ಕೇಳಿ. 64 ಜಿಬಿಯ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ನಮ್ಮ ವಾಯವ್ಯ ಸಾರಿಗೆ ಬಸ್ಸಿನಲ್ಲಿ ಹತ್ತು ತಾಸು ಕೂತು ಬಂದರೆ, ಅದರ ವೇಗ ಸುಮಾರು 14 ಎಂಬಿಪಿಎಸ್! ಅಷ್ಟನ್ನೇ ಊರಿನ ಲೈನಿನಲ್ಲಿ ಏರಿಸಲು ಇಪ್ಪತ್ತು ದಿನ ಬೇಕು.

ಸರ್ಕಾರದ ವ್ಯಾಖ್ಯೆಯೂ ಇಳಿಯೋದನ್ನೇ ಹೇಳುತ್ತದೆ. 2004ರ ನೀತಿಯಲ್ಲಿ 'ಬ್ರಾಡ್‌ಬ್ಯಾಂಡ್' ಅನಿಸಿಕೊಳ್ಳಲು 256 ಕೆಬಿಪಿಎಸ್ ಸಾಕಿತ್ತು, 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್. ಮೂರೂ ಡೌನ್‌ಲೋಡ್ ಲೆಕ್ಕ. ಏರುವುದಕ್ಕೂ ಒಂದು ಮಿತಿ ಹಾಕಬೇಕು, ಜಾಹೀರಾತಿನಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು ಅನ್ನೋದು ನನ್ನ ವಾದ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತು, ಭಾರತ್‌ನೆಟ್ ಅಂತ ಹೆಸರೂ ಆಯಿತು. ಆದರೆ ಪಂಚಾಯಿತಿ ಕಟ್ಟೆಯಿಂದ ಅವ್ವನ ಪಡಸಾಲೆಗೆ ಬರುವ ಆ ನಾಲ್ಕು ಹೆಜ್ಜೆಯೇ ಕಷ್ಟದ್ದು.

ಇಲ್ಲಿ ನಮ್ಮವರು ಮಾಡೋದೇನು? ಊರಿನ ಕಾಲ್ ಕಟ್ಟಾಗುತ್ತದೆ ಅಂತ ಪುಣೆಯ ಮನೆಯ ಪ್ಲಾನ್ ಏರಿಸುತ್ತಾರೆ, 100 ಇದ್ದದ್ದು 300. ಒಂದು ವಿಡಿಯೊ ಕಾಲ್‌ಗೆ ಒಂದೆರಡು ಎಂಬಿಪಿಎಸ್ ಸಾಕು, ಇಲ್ಲಿ ಎಷ್ಟು ಏರಿಸಿದರೂ ಅಲ್ಲಿಂದ ಬರುವ ಚಿತ್ರ ಸುಧಾರಿಸೋದಿಲ್ಲ. ಆ ಹೆಚ್ಚಿನ ದುಡ್ಡನ್ನು ಊರಿನ ಮನೆಗೆ ಹಾಕಿ. ತಾಲೂಕಿನ ಕೇಬಲ್‌ನವರು ಫೈಬರ್ ಕೊಡುತ್ತಾರೇನು ವಿಚಾರಿಸಿ. ಫೋನಿನಲ್ಲಿ ಮೊದಲ ಪ್ರಶ್ನೆ "ಅಪ್‌ಲೋಡ್ ಎಷ್ಟು?" ಅಂತಿರಲಿ. "ಅನ್‌ಲಿಮಿಟೆಡ್ ರೀ ಸರ್" ಅಂತ ಉತ್ತರ ಬಂದರೆ ಇನ್ನೊಮ್ಮೆ ಕೇಳಿ.