ಅಣೆಕಟ್ಟಿನ ಲೆಕ್ಕಕ್ಕೆ ಸಿಗದ ಹಳ್ಳಗಳು

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿವಾದ ನಮ್ಮ ಹಾಸನದಲ್ಲೂ ಚರ್ಚೆಯ ವಿಷಯ. ಕುಣಿಗಲ್, ಮಾಗಡಿಗೆ ನೀರು ಹೋದರೆ ತಮ್ಮ ಪಾಲು ಕಡಿಮೆಯಾಗುತ್ತದೆಂದು ತುಮಕೂರು ಜಿಲ್ಲೆಯ ರೈತರು ಬೀದಿಗಿಳಿದರು. ಎಲ್ಲರ ಲೆಕ್ಕವೂ ಗೊರೂರು ಜಲಾಶಯದ 37.10 ಟಿಎಂಸಿ ಅಡಿ ನೀರಿನದೇ. ಆ ನೀರು ಅಲ್ಲಿಗೆ ಬರುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರುತ್ತಿಲ್ಲ.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ನದಿಯನ್ನು ಕೊಂಬೆ ರೆಂಬೆಗಳಿರುವ ಮರದಂತೆ ನೋಡಬೇಕೆಂದು ನಮ್ಮ ಪಠ್ಯ ಹೇಳುತ್ತದೆ. ಬೇರೆ ಯಾವ ತೊರೆಯೂ ಸೇರದ ಪುಟ್ಟ ಹಳ್ಳ ಮೊದಲ ಶ್ರೇಣಿಯದು. ಅಂಥ ಎರಡು ಕೂಡಿದರೆ ಎರಡನೇ ಶ್ರೇಣಿ, ಎರಡನೇ ಶ್ರೇಣಿಯ ಎರಡು ಕೂಡಿದರೆ ಮೂರನೆಯದು. ಯಾವ ನದಿಯಲ್ಲೇ ಆಗಲಿ, ಸಂಖ್ಯೆಯಲ್ಲಿ ಹೆಚ್ಚಿರುವುದು ಮೊದಲ ಶ್ರೇಣಿಯ ಹಳ್ಳಗಳೇ.

ನಮ್ಮ ಜಿಲ್ಲೆಯನ್ನೇ ನೋಡಿ. ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರದ ಮೂಲಕ ಬರುತ್ತದೆ. ಬಾಬಾಬುಡನ್‌ಗಿರಿಯಿಂದ ಬೇಲೂರಿನ ಮೇಲೆ ಹರಿದು ಬರುವ ಯಗಚಿ ಗೊರೂರಿನ ಬಳಿ ಅದನ್ನು ಸೇರುತ್ತದೆ. ಮುಂದೆ ಹೊಳೆನರಸೀಪುರ ದಾಟಿ, ಕೆಆರ್‌ಎಸ್ ಹಿನ್ನೀರಿನಲ್ಲಿ ಹೇಮಾವತಿ ಕಾವೇರಿಯಾಗುತ್ತದೆ. ಅರಕಲಗೂಡು ತಾಲ್ಲೂಕಿನ ಉತ್ತರಕ್ಕೆ ಹೇಮಾವತಿ, ದಕ್ಷಿಣದ ಕೊಣನೂರು, ರಾಮನಾಥಪುರದಲ್ಲಿ ಕಾವೇರಿ. ನಡುವಿನ ದಿಣ್ಣೆಯ ಎರಡು ಮಗ್ಗುಲಿಗೆ ಬಿದ್ದ ಮಳೆ ಬೇರೆ ಬೇರೆ ನದಿಗೆ ಹರಿದರೂ ಕೊನೆಗೆ ಕೆಆರ್‌ಎಸ್‌ನಲ್ಲಿ ಒಂದಾಗುತ್ತದೆ.

ಈ ಜಾಲವನ್ನು ನಾವು ಬದಲಿಸಿಯೂ ಇದ್ದೇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದ ಮೂಲಕ ಹೇಮಾವತಿ ನೀರು ತುಮಕೂರಿನ ಕಡೆಗೆ ಹೋಗುತ್ತದೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕ ಎತ್ತಿನಹೊಳೆ ಯೋಜನೆಯದು ಇನ್ನೂ ದೊಡ್ಡ ಹೆಜ್ಜೆ. ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರ ಸೇರಬೇಕಾದ ಹಳ್ಳಗಳ ನೀರನ್ನು ಸಕಲೇಶಪುರದಲ್ಲೇ ಮೇಲೆತ್ತಿ ಪೂರ್ವದ ಬಯಲುಸೀಮೆಗೆ ತಿರುಗಿಸುವುದು ಅದರ ಉದ್ದೇಶ.

ಆದರೆ ಸುರಂಗವಾಗಲಿ ಪಂಪಾಗಲಿ ಹೊಸ ನೀರು ಹುಟ್ಟಿಸುವುದಿಲ್ಲ. ಒಂದು ಕೊಂಬೆಯ ನೀರನ್ನು ಇನ್ನೊಂದಕ್ಕೆ ಕೊಡುತ್ತವೆ, ಅಷ್ಟೆ. ನೀರು ಕೂಡುವ ಜಾಗದಲ್ಲಿ ನಾವು ಮಾಡುತ್ತಿರುವುದೇನು? ಹಳ್ಳ ಮುಚ್ಚಿ ಬಡಾವಣೆ ಮಾಡಿದರೆ ಕೆಳಗಿನ ಕೆರೆ ತುಂಬುವುದಿಲ್ಲ, ಅದು ಕೋಡಿ ಬೀಳದಿದ್ದರೆ ಅದರಾಚೆಯ ಕೆರೆಗೂ ನೀರಿಲ್ಲ. ಜೋರು ಮಳೆ ಬಂದಾಗ ದಾರಿ ಕಳೆದುಕೊಂಡ ಅದೇ ನೀರು ಮನೆಗಳಿಗೆ ನುಗ್ಗುತ್ತದೆ. ಗುಡ್ಡ ಅಗೆದರೆ ಮಣ್ಣು ಕೊಚ್ಚಿ ಬಂದು ಜಲಾಶಯದಲ್ಲಿ ಹೂಳಾಗುತ್ತದೆ. ಆಗ 37.10 ಎಂಬುದು ಕಾಗದದ ಮೇಲಷ್ಟೇ ಉಳಿಯುತ್ತದೆ. ಹಂಚಿಕೆಗಾಗಿ ಜಗಳವಾಡುವ ಜಿಲ್ಲೆಗಳೆಲ್ಲ ಮೊದಲು ಒಟ್ಟಾಗಿ ಕೇಳಬೇಕಾದುದು ಈ ಹಳ್ಳಗಳ ರಕ್ಷಣೆಯನ್ನು.

ಸ್ಪರ್ಧಾತ್ಮಕ ಪರೀಕ್ಷೆಗಾಗಿ ನಾವೆಲ್ಲ ಕಾವೇರಿಯ ಉಪನದಿಗಳನ್ನು ಬಾಯಿಪಾಠ ಮಾಡುತ್ತೇವೆ. ಗೆಳೆಯರೇ, ಜೊತೆಗೆ ನಿಮ್ಮೂರಿನ ಗ್ರಾಮ ನಕ್ಷೆಯನ್ನೂ ಒಮ್ಮೆ ಬಿಡಿಸಿ ನೋಡಿ. ನಿಮ್ಮ ಕೆರೆಗೆ ನೀರು ತರುವ ಹಳ್ಳ ಯಾವುದು, ಕೋಡಿ ಬಿದ್ದ ನೀರು ಹೋಗುವುದೆಲ್ಲಿಗೆ ಎಂದು ಗುರುತಿಸಿ. ನಕ್ಷೆಯಲ್ಲಿರುವ ಹಳ್ಳ ನೆಲದ ಮೇಲೆ ಇಲ್ಲವೆಂದಾದರೆ, ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಪ್ರಶ್ನೆಯಾಗಿ ಕೇಳಿ.