ಮರಣಪತ್ರದಲ್ಲಿ ಹೊಗೆಯ ಹೆಸರಿಲ್ಲ

ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗ ಕುಶಲಪ್ರಶ್ನೆಯ ಜೊತೆಗೆ ತಪ್ಪದೆ ಕೇಳುವ ಮಾತೊಂದಿದೆ: "ಮೂವತ್ತನಾಲ್ಕು ವರ್ಷ ಸೀಮೆಸುಣ್ಣದ ಧೂಳು ಕುಡಿದಿರಲ್ಲ ಸಾರ್, ಎದೆಗೇನೂ ತೊಂದರೆಯಾಗಲಿಲ್ಲವೇ?" ಅವರ ಕಾಳಜಿಗೆ ನಾನು ಋಣಿ. ಆದರೆ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿದವನಾದ್ದರಿಂದ, ದೇವರ ದಯೆ ಎಂದಷ್ಟೇ ಉತ್ತರಿಸಿ ಸುಮ್ಮನಾಗಲು ನನಗೆ ಮನಸ್ಸು ಬಾರದು. ಸೀಮೆಸುಣ್ಣದ ಧೂಳು ಕಣ್ಣಿಗೆ ಕಾಣುತ್ತದೆ. ಅಂಗಿಯ ತೋಳಿನ ಮೇಲೆ, ಮೇಜಿನ ಮೇಲೆ, ಮುಂದಿನ ಬೆಂಚಿನ ಹುಡುಗರ ತಲೆಯ ಮೇಲೆ ಬಂದು ಕೂರುತ್ತದೆ. ಅದರ ಬಹುಪಾಲು ದಪ್ಪ ಕಣಗಳು. ಮೂಗಿನ ಕೂದಲು, ಗಂಟಲಿನ ಲೋಳೆ, ಒಂದು ಸೀನು, ಎರಡು ಕೆಮ್ಮು ಸೇರಿ ಅದನ್ನು ಹೊರಗೆ ಹಾಕುತ್ತವೆ. ನಾವು ಹೆಚ್ಚು ಅಂಜಬೇಕಾದದ್ದು ಕಣ್ಣಿಗೆ ಕಾಣದ ಧೂಳಿಗೆ. ಅದರ ಕುರಿತು ಬಹುದಿನಗಳಿಂದ ಮನಸ್ಸಿನಲ್ಲಿರುವ ಅಭಿಪ್ರಾಯವೊಂದನ್ನು ಇಂದು ಬರೆಯುತ್ತಿದ್ದೇನೆ.

ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಸಿಗುವ ಒಂದು ಭಾಗವೇ ಮೈಕ್ರಾನ್ ಎಂದು ನಿಮಗೆ ಪಾಠ ಹೇಳಿದ್ದು ನೆನಪಿರಬಹುದು. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಎರಡೂವರೆ ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣಗಳನ್ನು ಪಿಎಂ 2.5 ಎಂದು ಕರೆಯುತ್ತಾರೆ. ಒಂದು ಕೂದಲಿನ ಅಡ್ಡಗಲದಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಮಣ್ಣನ್ನು ಕುಟ್ಟಿದಾಗ, ರಸ್ತೆ ಗುಡಿಸಿದಾಗ ಏಳುವ ಧೂಳು ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಇಷ್ಟು ಸಣ್ಣದು ಹುಟ್ಟಬೇಕಾದರೆ ಬಹುಮಟ್ಟಿಗೆ ಬೆಂಕಿಯೇ ಬೇಕು. ಡೀಸೆಲ್, ಕಲ್ಲಿದ್ದಲು, ಸೌದೆ, ತರಗೆಲೆ, ಪ್ಲಾಸ್ಟಿಕ್ಕು, ಪಟಾಕಿ, ಯಾವುದು ಉರಿದರೂ ಈ ಕಣ ಹುಟ್ಟುತ್ತದೆ; ಹೊಗೆಯೊಡನೆ ಹೊರಟ ಕೆಲವು ಅನಿಲಗಳೂ ಮುಂದೆ ಗಾಳಿಯಲ್ಲಿ ಇಂಥ ಕಣಗಳಾಗಿ ಮಾರ್ಪಡುತ್ತವೆ.

ಇವು ದೇಹದೊಳಗೆ ಮಾಡುವ ಪಯಣವನ್ನು ಸ್ವಲ್ಪ ಗಮನಿಸಿ. ಶ್ವಾಸನಾಳವು ಮರದ ಕೊಂಬೆಯಂತೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು ಕೊನೆಗೆ ಕೋಟ್ಯಂತರ ವಾಯುಕೋಶಗಳಲ್ಲಿ ಮುಗಿಯುತ್ತದೆ. ಮೇಲಿನ ಕವಲುಗಳಲ್ಲಿ ಲೋಳೆಯೂ ಸೂಕ್ಷ್ಮ ರೋಮಗಳೂ ಕಸವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ವಾಯುಕೋಶದಲ್ಲಿ ಆ ವ್ಯವಸ್ಥೆಯಿಲ್ಲ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಒಂದು ಮೈಕ್ರಾನಿಗಿಂತ ತೆಳುವಾದ ಪೊರೆ. ಪ್ರಾಣವಾಯು ಸುಲಭವಾಗಿ ದಾಟಲೆಂದು ಪ್ರಕೃತಿ ಅದನ್ನು ಅಷ್ಟು ತೆಳ್ಳಗೆ ಮಾಡಿದೆ. ಅಲ್ಲಿಯವರೆಗೆ ತಲುಪಿದ ಕಣವನ್ನು ನುಂಗಲು ಕಾವಲು ಕೋಶಗಳು ಬರುತ್ತವೆ, ಹೋರಾಡುತ್ತವೆ, ಉರಿಯೂತ ಉಂಟಾಗುತ್ತದೆ. ಆ ಉರಿಯೂತದ ಪರಿಣಾಮ ರಕ್ತದ ಮೂಲಕ ಇಡೀ ದೇಹಕ್ಕೆ ಹರಡುತ್ತದೆ. ಅತಿ ಸಣ್ಣ ಕಣಗಳು ತಾವೇ ರಕ್ತಕ್ಕೆ ಇಳಿಯಬಲ್ಲವು. ರಕ್ತನಾಳಗಳ ಒಳಗೋಡೆ ಕೆಡುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಆದ್ದರಿಂದಲೇ ಹೊಗೆಯ ಕೇಡು ಕೆಮ್ಮು, ಉಬ್ಬಸಗಳಲ್ಲಿ ಮುಗಿಯದೆ ಹೃದಯಾಘಾತ, ಪಾರ್ಶ್ವವಾಯು, ಮಧುಮೇಹ, ಕಡಿಮೆ ತೂಕದ ಶಿಶುಜನನದವರೆಗೂ ಕೈಚಾಚುತ್ತದೆ. 2013ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊರಗಾಳಿಯ ಮಾಲಿನ್ಯವನ್ನೂ ಅದರೊಳಗಿನ ಕಣಗಳನ್ನೂ ತಂಬಾಕಿನ ಹೊಗೆಯಿರುವ ಮೊದಲನೆಯ ವರ್ಗಕ್ಕೇ ಸೇರಿಸಿತು. ಅಂದರೆ ಕ್ಯಾನ್ಸರ್ ಉಂಟುಮಾಡುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿರುವ ವರ್ಗ.

ಈಗ ಮನೆಯ ಮಾತಿಗೆ ಬರುತ್ತೇನೆ. ನಮ್ಮದು ಮಲೆನಾಡಿನ ಹಳೆಯ ಮನೆಯೆಂದು ಬಂಧುಗಳೆಲ್ಲರಿಗೂ ಗೊತ್ತು. ಅಡುಗೆ ಒಲೆ, ಬಚ್ಚಲೊಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆ, ಮೂರರ ಉಸ್ತುವಾರಿಯೂ ನನ್ನ ತಾಯಿಯದು. ಮಳೆಗಾಲದಲ್ಲಿ ಸೌದೆ ಹಸಿಯಾಗಿ, ಊದುಕೊಳವೆ ಹಿಡಿದು ಗಂಟೆಗಟ್ಟಲೆ ಊದಿದರೂ ಉರಿಗಿಂತ ಹೊಗೆಯೇ ಹೆಚ್ಚು. ಜಂತೆಗಳಲ್ಲಿ ಇಲ್ಲಣ ಜೋತಾಡುತ್ತಿತ್ತು. ಐವತ್ತು ದಾಟುವಷ್ಟರಲ್ಲಿ ಆಕೆಗೆ ಅಂಗಳದ ಮೆಟ್ಟಿಲು ಹತ್ತಲು ಏದುಸಿರು ಬರತೊಡಗಿತು. ಪೇಟೆಯ ವೈದ್ಯರೊಬ್ಬರು ಎದೆಯ ಚಿತ್ರ ನೋಡಿ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮನವರಿಗೆ ಬೀಡಿ ಸೇದುವ ಅಭ್ಯಾಸವಿತ್ತೇ?" ಎಂದು ಕೇಳಿದರು. ಎಲೆಯಡಿಕೆಯನ್ನೂ ಏಕಾದಶಿಯಂದು ಬಿಡುತ್ತಿದ್ದ ತಾಯಿಯ ಬಗ್ಗೆ ಆ ಪ್ರಶ್ನೆ! ಆದರೆ ವೈದ್ಯರು ಕಂಡದ್ದು ಸರಿಯಾಗಿಯೇ ಇತ್ತು. ಬಹುಕಾಲ ಹೊಗೆ ಕುಡಿದ ಶ್ವಾಸಕೋಶವದು. 2003ರಲ್ಲಿ ತಾಯಿ ತೀರಿಕೊಂಡಾಗ ಮರಣಪತ್ರದಲ್ಲಿ ಬರೆದದ್ದು ಹೃದಯ ವೈಫಲ್ಯ ಎಂದು. ಅದೂ ಸುಳ್ಳಲ್ಲ. ಶ್ವಾಸಕೋಶ ಕೆಟ್ಟಾಗ ಅದಕ್ಕೆ ರಕ್ತ ನೂಕುವ ಹೃದಯದ ಬಲಭಾಗ ದಣಿದು ಸೋಲುತ್ತದೆ. ಆದರೆ ಆ ಕಾಗದದಲ್ಲಿ ಒಲೆಯ ಹೆಸರು ಎಲ್ಲಿಯೂ ಇಲ್ಲ.

ಇದೇ ಈ ಲೇಖನದ ಮುಖ್ಯ ಮಾತು. ಹೊಗೆ ಕೊಲ್ಲುವುದು ಯಾವಾಗಲೂ ಬೇರೊಂದು ಕಾಯಿಲೆಯ ಹೆಸರಿನಲ್ಲಿ. ಹಾವು ಕಚ್ಚಿದರೆ ಹಾವಿನ ಹೆಸರನ್ನು ಬರೆಯುತ್ತಾರೆ, ಬಸ್ಸು ಹಾಯ್ದರೆ ಅಪಘಾತವೆಂದು ಬರೆಯುತ್ತಾರೆ. ಹೊಗೆಗೆ ಮಾತ್ರ ಆ ಜವಾಬ್ದಾರಿಯಿಲ್ಲ. ಹೆಸರಿಲ್ಲದ ಕಾರಣಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದಕ್ಕೆ ಹೊಣೆಗಾರನೂ ಇಲ್ಲ. ನಮ್ಮ ಕೇಂದ್ರ ಸರ್ಕಾರವು ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ, ಕೇವಲ ವಾಯುಮಾಲಿನ್ಯದಿಂದಲೇ ಸಾವು ಸಂಭವಿಸಿತೆಂದು ಸ್ಥಾಪಿಸುವ ನಿರ್ಣಾಯಕ ಅಂಕಿಅಂಶಗಳಿಲ್ಲ ಎಂಬರ್ಥದ ಉತ್ತರ ಕೊಟ್ಟಿದೆ. ಮರಣಪತ್ರಗಳನ್ನು ಮಾತ್ರ ನೋಡುತ್ತ ಕುಳಿತರೆ ಆ ಉತ್ತರ ಎಂದಿಗೂ ಬದಲಾಗದು.

ಲಂಡನ್ನಿನಲ್ಲಿ ಎಲ್ಲಾ ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಕಿಯಿದ್ದಳು. ವಾಹನಗಳಿಂದ ತುಂಬಿದ ರಸ್ತೆಯ ಸಮೀಪ ಅವಳ ಮನೆ. ತೀವ್ರ ಅಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ 2013ರ ಫೆಬ್ರವರಿಯಲ್ಲಿ ತೀರಿಕೊಂಡಳು. ಮೊದಲ ವಿಚಾರಣೆಯಲ್ಲಿ ಹೊಗೆಯ ಪ್ರಸ್ತಾಪವೇ ಬರಲಿಲ್ಲ. ತಾಯಿ ಬಿಡಲಿಲ್ಲ, ಮರುವಿಚಾರಣೆಗೆ ಹೋರಾಡಿದಳು. 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿಯು ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಬರೆದ. ಬ್ರಿಟನ್ನಿನಲ್ಲಿ ಹಾಗೆ ಬರೆದದ್ದು ಅದೇ ಮೊದಲು. 1952ರ ಡಿಸೆಂಬರಿನಲ್ಲಿ ಅದೇ ನಗರದ ಮೇಲೆ ಐದು ದಿನ ಕವಿದ ಕಲ್ಲಿದ್ದಲ ಹೊಗೆಯಿಂದ ಸಾವಿರಾರು ಜನ ಸತ್ತಿದ್ದರು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆಯೂ ಬಂದಿತ್ತು. ಹಾಗಿದ್ದೂ ಒಂದು ಮಗುವಿನ ಮರಣಪತ್ರದಲ್ಲಿ ಹೊಗೆಯ ಹೆಸರು ಕಾಣಿಸಿಕೊಳ್ಳಲು ಇನ್ನೂ ಅರವತ್ತನಾಲ್ಕು ವರ್ಷ ಬೇಕಾಯಿತು.

"ನಮ್ಮ ಹಿರಿಯರೆಲ್ಲ ಹೊಗೆಯಲ್ಲೇ ಬಾಳಿ ತೊಂಬತ್ತು ವರ್ಷ ಬದುಕಲಿಲ್ಲವೇ?" ಎಂಬ ವಾದವನ್ನು ನಮ್ಮ ಬಂಧುಗಳ ಬಾಯಿಂದಲೇ ಕೇಳಿದ್ದೇನೆ. ತೊಂಬತ್ತು ಬದುಕಿದ ಅಜ್ಜಿಯನ್ನು ಎಲ್ಲರೂ ನೆನೆಯುತ್ತಾರೆ. ಐವತ್ತೈದಕ್ಕೆ ಹೋದ ಚಿಕ್ಕಮ್ಮನನ್ನು ಆ ಲೆಕ್ಕಕ್ಕೆ ಸೇರಿಸುವವರಿಲ್ಲ. ಸರಿಯಾದ ಲೆಕ್ಕ ಬೇಕಾದರೆ ಎಲ್ಲರನ್ನೂ ಎಣಿಸಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಆರು ಊರುಗಳ ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಧೂಮಪಾನವೇ ಮುಂತಾದವುಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ, ಅತ್ಯಂತ ಮಲಿನ ಊರಿನಲ್ಲಿ ಸಾವಿನ ಪ್ರಮಾಣ ಅತ್ಯಂತ ಶುದ್ಧ ಊರಿಗಿಂತ ಶೇ. 26ರಷ್ಟು ಹೆಚ್ಚಿತ್ತು. ಅದೇ ದೇಶದ ಯೂಟಾ ಕಣಿವೆಯಲ್ಲಿ ಕಾರ್ಮಿಕ ವಿವಾದದ ದೆಸೆಯಿಂದ 1986ರ ಆಗಸ್ಟಿನಿಂದ ಸುಮಾರು ಒಂದು ವರ್ಷ ಉಕ್ಕಿನ ಕಾರ್ಖಾನೆಯೊಂದು ಮುಚ್ಚಿತ್ತು. ಆರ್ಡೆನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು ಆಸ್ಪತ್ರೆಯ ದಾಖಲೆಗಳನ್ನು ನೋಡಿದಾಗ, ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಉಬ್ಬಸ, ಶ್ವಾಸನಾಳದ ಬಾಧೆಗಳಿಂದ ಆಸ್ಪತ್ರೆ ಸೇರಿದ ಚಿಕ್ಕ ಮಕ್ಕಳ ಸಂಖ್ಯೆ ಮುಚ್ಚಿದ್ದ ಕಾಲಕ್ಕಿಂತ ಸುಮಾರು ಎರಡರಷ್ಟಿತ್ತು. ಇದರಲ್ಲಿ ದುಃಖದ ಜೊತೆಗೆ ಸಮಾಧಾನವೂ ಇದೆ. ಹೊಗೆ ನಿಂತರೆ ಮಕ್ಕಳ ಎದೆಗೆ ಅದರ ಫಲ ಸಿಗಲು ಹತ್ತಾರು ವರ್ಷ ಕಾಯಬೇಕಾಗಿಲ್ಲ.

ಇದು ದಿಲ್ಲಿಯವರ ಕಷ್ಟ, ನಮಗೇಕೆ ಎನ್ನಬೇಡಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಮಾನದಂಡ ಮುಟ್ಟದ ಊರುಗಳೆಂದು ಕರ್ನಾಟಕದ ನಾಲ್ಕು ನಗರಗಳನ್ನು ಸೇರಿಸಲಾಯಿತು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತು ನಾನು ನಿಮಗೆಲ್ಲ ಪಾಠ ಹೇಳಿದ ದಾವಣಗೆರೆ. ಮಾನದಂಡವಾದರೂ ಎಂಥದು? ಒಂದು ಘನ ಮೀಟರ್ ಗಾಳಿಯಲ್ಲಿ ಈ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರಲ್ಲಿ ನಾವು ಗೊತ್ತುಮಾಡಿಕೊಂಡ ಮಿತಿ 40, ಅದರ ಎಂಟರಷ್ಟು. ಇನ್ನು ಆ ಕಾರ್ಯಕ್ರಮದ ಹಣದಲ್ಲಿ ಶೇ. 64ರಷ್ಟು ರಸ್ತೆಯ ಧೂಳು ತಗ್ಗಿಸುವುದಕ್ಕೇ ಹೋಯಿತೆಂದು ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ತೋರಿಸಿತು. ರಸ್ತೆ ಗುಡಿಸುವ ಯಂತ್ರ, ನೀರು ಚಿಮ್ಮಿಸುವ ಲಾರಿ ಜನರ ಕಣ್ಣಿಗೆ ಬೀಳುತ್ತವೆ. ಆದರೆ ಅವು ತಗ್ಗಿಸುವುದು ಹೆಚ್ಚಾಗಿ ಮೂಗು ತಡೆಯಬಲ್ಲ ಧೂಳನ್ನು. ಬೆಂಕಿಯ ಗೊಡವೆಗೆ ಹೋದವರು ಕಡಿಮೆ.

ಬೆಂಕಿ ಎಲ್ಲಿದೆಯೆಂದು ಹುಡುಕಬೇಕಾಗಿಲ್ಲ. ಮಾಗಿಯ ಮುಂಜಾನೆ ಯಾವ ಬಡಾವಣೆಗೆ ಹೋದರೂ ತರಗೆಲೆ, ಹಾಲಿನ ಪ್ಯಾಕೆಟ್ಟು, ಹಳೆಯ ಚಪ್ಪಲಿ ಕೂಡಿಸಿ ಕಡ್ಡಿ ಗೀರಿರುತ್ತಾರೆ. ಆ ಹೊತ್ತಿನಲ್ಲಿ ನೆಲದ ಬಳಿಯ ಗಾಳಿ ತಂಪಾಗಿ ಭಾರವಾಗಿರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುತ್ತದೆ; ಹೊಗೆ ಮೇಲೇರದೆ ಮನುಷ್ಯನ ಮೂಗಿನ ಎತ್ತರದಲ್ಲೇ ಹರಡುತ್ತದೆ. ಆರೋಗ್ಯಕ್ಕೆಂದು ವಾಕಿಂಗ್ ಹೊರಡುವ ನಮ್ಮಂಥ ನಿವೃತ್ತರು ದೀರ್ಘವಾಗಿ ಉಸಿರೆಳೆಯುವುದು ಅದನ್ನೇ. ಬಯಲಿನಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿದವು. ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಐದು ಸಾವಿರ ರೂಪಾಯಿ ದಂಡವನ್ನೂ ಗೊತ್ತುಮಾಡಿತು. ನಮ್ಮ ಬೀದಿಯಲ್ಲಿ ಆ ದಂಡ ತೆತ್ತವರನ್ನು ನಾನಿನ್ನೂ ನೋಡಿಲ್ಲ.

ಹಾಗೆಂದು ಪೌರಕಾರ್ಮಿಕರ ಮೇಲೆ ಹರಿಹಾಯುವುದು ನ್ಯಾಯವಲ್ಲ. ಗುಡಿಸಿದ ಎಲೆ ಒಯ್ಯಲು ಗಾಡಿ ಕೊಡದೆ, ಬೀದಿ ಚೊಕ್ಕಟವಾಗಿರಬೇಕೆಂದು ಗದರಿಸಿದರೆ ಆ ತಾಯಿ ಇನ್ನೇನು ಮಾಡಿಯಾಳು? ಬೆಂಕಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವಳೂ ಅವಳೇ. ಖಾರ ಮಂಡಕ್ಕಿ, ಮಿರ್ಚಿ ತಿನ್ನುವಾಗ ಭಟ್ಟಿಯ ಮುಂದೆ ನಿಂತು ಮಂಡಕ್ಕಿ ಹುರಿಯುವವನ ಎದೆಯನ್ನು ನಾವು ನೆನೆಯುವುದಿಲ್ಲ. ಅನುಕೂಲಸ್ಥರು ಮನೆಯೊಳಗೆ ಗಾಳಿ ಸೋಸುವ ಯಂತ್ರ ಇಟ್ಟುಕೊಳ್ಳುತ್ತಿದ್ದಾರೆ. ಮನೆಯಲ್ಲಿ ರೋಗಿಯಿದ್ದರೆ ಇಟ್ಟುಕೊಳ್ಳಲಿ, ಬೇಡವೆನ್ನಲಾರೆ. ಆದರೆ ಬಾವಿಯ ನೀರು ಕೆಟ್ಟಾಗ ನಮ್ಮ ಮನೆಯ ಕೊಡವನ್ನಷ್ಟೇ ಸೋಸಿಕೊಂಡರೆ ಬಾವಿ ಶುದ್ಧವಾಗುವುದಿಲ್ಲ.

ಪರಿಹಾರ ಆಕಾಶದಿಂದ ಇಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಮುಂದೆ ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿದರು. ಅದೇ ಅಸ್ತ್ರ ಒಲೆ. ಕಡಿಮೆ ಸೌದೆ, ಹೊಗೆ ಮಾಡಿನಾಚೆಗೆ. ಅದನ್ನು ಹಾಕಿಸಿಕೊಂಡ ಮನೆಗಳ ಹೆಂಗಸರು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದು ನಿಂತದ್ದನ್ನು ನಾನೇ ಕಂಡಿದ್ದೇನೆ. 2016ರಿಂದ ಉಜ್ವಲ ಯೋಜನೆಯಲ್ಲಿ ಕೋಟ್ಯಂತರ ಬಡವರ ಮನೆಗೆ ಗ್ಯಾಸ್ ಬಂದಿತು; ಅದು ದೊಡ್ಡ ಕೆಲಸ. ಆದರೆ ಸಿಲಿಂಡರ್ ಮತ್ತೆ ತುಂಬಿಸಲು ಕೈಯಲ್ಲಿ ದುಡ್ಡಿಲ್ಲದೆ ಸೌದೆಗೆ ಮರಳಿದವರಿದ್ದಾರೆ. ಗ್ಯಾಸ್ ಇರುವ ನಮ್ಮ ಬಂಧುಗಳ ಮನೆಗಳಲ್ಲೂ ಬಚ್ಚಲೊಲೆಗೆ ಅಡಿಕೆ ಸಿಪ್ಪೆಯ ಜೊತೆ ಪ್ಲಾಸ್ಟಿಕ್ ಚೀಲ ತುರುಕುವ ರೂಢಿ ಇನ್ನೂ ಹೋಗಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆಗಳು ಕೆಲವೇ. ನಿಮ್ಮ ಮನೆಯ ತರಗೆಲೆಗೆ ಒಂದು ಗುಂಡಿ ತೋಡಿಸಿ. ಆರು ತಿಂಗಳಿಗೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ಕನ್ನು ಯಾವ ಒಲೆಗೂ ಹಾಕಗೊಡಬೇಡಿ. ಹಳ್ಳಿಮನೆಯ ಬಚ್ಚಲೊಲೆಗೆ ಹೊಗೆಕೊಳವೆ ಇಲ್ಲದಿದ್ದರೆ ಈ ಬೇಸಿಗೆಯಲ್ಲೇ ಹಾಕಿಸಿ. ಎಲೆ ಒಯ್ಯಲು ಗಾಡಿ ಕೊಡಿರೆಂದು ನಗರಪಾಲಿಕೆಗೆ ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಡಿ. ಕೊನೆಯದಾಗಿ, ವೈದ್ಯರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಏದುಸಿರು ಬಿಡುತ್ತ ಬಂದವರನ್ನು ಬೀಡಿ ಸೇದುತ್ತೀರಾ ಎಂದು ಕೇಳಿದ ಮೇಲೆ, ನಿಮ್ಮ ಮನೆಯಲ್ಲಿ ಯಾವ ಒಲೆ, ಯಾವ ಬೀದಿಯಲ್ಲಿ ವಾಸ, ಎಂಥ ಕೆಲಸ ಎಂದೂ ಕೇಳಿ. ಉತ್ತರವನ್ನು ಚೀಟಿಯಲ್ಲಿ ಬರೆಯಿರಿ. ಅದನ್ನು ಬರೆಯಲು ಎರಡು ನಿಮಿಷ ಸಾಕು.